ಮೊಳೆಗನ್ನಿನ ಆಯ್ಕೆ: ಬೆಲೆಗಿಂತ ಮೊದಲು ಬೆರಳು

ಮರಗೆಲಸಕ್ಕೆಂದು ಮೊಳೆ ಹೊಡೆಯುವ ಗನ್ನು ಕೊಳ್ಳಲು ಹೊರಟವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಎರಡು: ಯಾವ ಕಂಪನಿಯದು ಒಳ್ಳೆಯದು? ಎಷ್ಟಾಗುತ್ತದೆ? ಈ ಎರಡೂ ಪ್ರಶ್ನೆಗಳು ಕೊನೆಗೆ ಬರಬೇಕಾದವು ಎಂಬುದು ನನ್ನ ವಾದ. ಸರ್ಕಾರಿ ಖರೀದಿಯಲ್ಲಿ ಎರಡು ಲಕೋಟೆಗಳ ಪದ್ಧತಿಯೊಂದಿದೆ. ಮೊದಲ ಲಕೋಟೆಯಲ್ಲಿ ತಾಂತ್ರಿಕ ಅರ್ಹತೆ, ಎರಡನೆಯದರಲ್ಲಿ ಬೆಲೆ. ಮೊದಲನೆಯದರಲ್ಲಿ ತೇರ್ಗಡೆಯಾಗದವರ ಎರಡನೆಯ ಲಕೋಟೆಯನ್ನು ಯಾರೂ ತೆರೆಯುವುದಿಲ್ಲ. ನಮ್ಮ ಕಚೇರಿಗಳ ಪದ್ಧತಿಗಳಲ್ಲಿ ಮನೆಗೆ ಒಯ್ಯಲು ಯೋಗ್ಯವಾದವು ಹೆಚ್ಚಿಲ್ಲ. ಆದರೆ ಇದೊಂದು ನಿಶ್ಚಯವಾಗಿಯೂ ಯೋಗ್ಯ. ಮೊಳೆಗನ್ನಿನ ವಿಷಯದಲ್ಲಿ ಮೊದಲ ಲಕೋಟೆಯೊಳಗೆ ಇರಬೇಕಾದವು ನಾಲ್ಕು: ಯಾವ ಮೊಳೆ, ಯಾವ ಮರ, ಯಾವ ಶಕ್ತಿ, ಯಾವ ಟ್ರಿಗರ್. ಇವುಗಳ ಹಿಂದೆ ಐದನೆಯದೊಂದು ನಿಂತಿದೆ: ಆ ಗನ್ನನ್ನು ಹಿಡಿಯುವ ಕೈ ಯಾರದು?

ಸಾಹಿತ್ಯದ ಬಳಗದಲ್ಲಿ ಇಂಥ ವಿಷಯವೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಊರು ಬಿಟ್ಟು ದೆಹಲಿ, ಪುಣೆ, ಹೈದರಾಬಾದುಗಳಲ್ಲಿ ನೆಲೆನಿಂತ ನಮ್ಮಂಥವರ ಮನೆಗಳಲ್ಲಿ ಮೊದಲು ತುಂಬುವುದು ಪುಸ್ತಕ. ಒಂದಲ್ಲ ಒಂದು ದಿನ ಬಡಗಿಯನ್ನು ಕರೆಸಿ ಕಪಾಟು ಮಾಡಿಸದೆ ಗತ್ಯಂತರವಿಲ್ಲ. ಆ ಕಪಾಟಿನಿಂದ ಶ್ರಮಜೀವಿಗಳ ಬದುಕಿನ ಕಥೆಯನ್ನು ತೆಗೆದು ಕಣ್ಣು ತೇವ ಮಾಡಿಕೊಂಡು ಓದುವ ನಾವು, ಕಪಾಟನ್ನು ಜೋಡಿಸಿದವನ ಬೆರಳುಗಳು ಎಷ್ಟು ಭದ್ರವಾಗಿದ್ದವು ಎಂದು ಕೇಳುವುದು ವಿಷಯಾಂತರವೇನಲ್ಲ. ಜತೆಗೆ, ನಿವೃತ್ತಿಯ ಅಂಚಿನಲ್ಲಿ ಅಥವಾ ವಾರದ ಬಿಡುವಿನಲ್ಲಿ ಮರಗೆಲಸವನ್ನು ಹವ್ಯಾಸವಾಗಿ ಹಿಡಿದವರು ನಮ್ಮಲ್ಲೂ ಇದ್ದಾರೆ. ಅವರಿಗೂ ಇದು ಉಪಯೋಗಕ್ಕೆ ಬರಲಿ.

‘ಮೊಳೆ’ ಎಂಬ ಮಾತಿಗೆ ಕನ್ನಡದಲ್ಲಿ ಹಲವು ಮುಖ. ಮರಕ್ಕೆ ಇಳಿಯುವ ಕಬ್ಬಿಣವೂ ಮೊಳೆ, ಬೀಜದಿಂದ ಮೇಲೇಳುವ ಕುಡಿಯೂ ಮೊಳೆ. ಮುದ್ರಣಾಲಯದ ಸೀಸದ ಅಕ್ಷರಗಳನ್ನು ಅಚ್ಚುಮೊಳೆ ಎಂದೇ ಕರೆದೆವು. ಇಷ್ಟು ಸೌಮ್ಯವಾದ ಮಾತಿನ ಜೊತೆ ‘ಗನ್’ ಸೇರಿರುವುದು ಕಿವಿಗೆ ಒರಟಾಗಿ ಕೇಳಿಸುತ್ತದೆ. ತಯಾರಕರು ಇದನ್ನು ‘ನೈಲರ್’ ಎಂದು ಸಭ್ಯವಾಗಿ ಕರೆಯುತ್ತಾರೆ. ಆದರೆ ದೆಹಲಿಯ ಕೀರ್ತಿನಗರದ ಮರದ ಪೇಟೆಯಲ್ಲಾಗಲಿ, ಬೆಂಗಳೂರಿನ ಯಾವುದೇ ಒಳಾಂಗಣ ಕೆಲಸದ ಜಾಗದಲ್ಲಾಗಲಿ ಅದು ಬರಿಯ ಗನ್. ಜನರಿಟ್ಟ ಹೆಸರೇ ಸರಿಯೆಂದು ನನಗೆ ತೋರುತ್ತದೆ. ಪ್ಲೈವುಡ್ಡಿನೊಳಕ್ಕೆ 30 ಮಿಲಿಮೀಟರ್ ಮೊಳೆಯನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಇಳಿಸುವ ವಸ್ತುವಿಗೆ ಬೆರಳು ಒಂದು ಅಡ್ಡಿಯೇ ಅಲ್ಲ. ಈ ಹೆಸರು ಎಚ್ಚರಿಕೆಯ ಫಲಕವನ್ನು ತಾನೇ ಹೊತ್ತುಕೊಂಡಿದೆ.

ಮೊದಲು ಒಂದು ಆಕ್ಷೇಪವನ್ನು ಬದಿಗಿಡಬೇಕು. ಗನ್ನು ಬಂದು ಕಸುಬು ಕೆಟ್ಟಿತು, ಸುತ್ತಿಗೆ ಉಳಿಗಳ ಕಾಲದ ಕೆಲಸವೇ ಬೇರೆ ಎಂಬ ಮಾತನ್ನು ನಮ್ಮಂಥವರು ಆಗಾಗ ಆಡುತ್ತೇವೆ. ಹಳೆಯ ಬಡಗಿಯ ಕೌಶಲ ಮೊಳೆಯಲ್ಲಿ ಇರಲೇ ಇಲ್ಲ. ಒಂದು ಮರದಲ್ಲಿ ತೂತು ಕೊರೆದು, ಇನ್ನೊಂದರ ತುದಿಯನ್ನು ಅದಕ್ಕೆ ಸರಿಯಾಗಿ ಕಡೆದು, ಕೂಡಿಸಿ, ಬೆಣೆ ಹೊಡೆದು, ಬಿದಿರಿನ ಗೂಟದಿಂದ ಬಿಗಿದ ಬಾಗಿಲುವಾಡಕ್ಕೆ ಕಬ್ಬಿಣದ ಮೊಳೆಯ ಅಗತ್ಯ ಅಷ್ಟಾಗಿ ಇರಲಿಲ್ಲ. ಮೊಳೆಗೆ ಕೆಲಸ ಕೊಟ್ಟದ್ದು ಪ್ಲೈವುಡ್. ಪ್ಲೈವುಡ್ಡಿನ ಕಾಲದಲ್ಲೂ ನಿಜವಾಗಿ ಹಿಡಿದು ನಿಲ್ಲಿಸುವುದು ಮೊಳೆಯಲ್ಲ, ಅಂಟು. ಅಂಟು ಒಣಗುವವರೆಗೆ ಎರಡು ಹಲಗೆಗಳನ್ನು ಅಲುಗದಂತೆ ಹಿಡಿಯುವ ಮೂರನೆಯ ಕೈ ಮಾತ್ರ ಮೊಳೆ. ಗನ್ನು ಬದಲಿಸಿದ್ದು ಆ ಮೂರನೆಯ ಕೈಯನ್ನು. ಅಳತೆ, ಕೊಯ್ತ, ಮೂಲೆಮಟ್ಟ, ಅಂಚಿನ ನಯ ಇವೆಲ್ಲ ಇಂದಿಗೂ ಬಡಗಿಯ ಕಣ್ಣಿಗೆ ಮತ್ತು ಕೈಗೆ ಸೇರಿದವು. ಅಳತೆ ತಪ್ಪಿದ ಹಲಗೆಯನ್ನು ಯಾವ ಗನ್ನೂ ಸರಿ ಮಾಡದು.

ಅಮೆರಿಕದ ಹೊವಾರ್ಡ್ ಹ್ಯೂಸ್ ಕಟ್ಟಿಸಿದ, 1947ರ ನವೆಂಬರ್ 2ರಂದು ಒಂದೇ ಒಂದು ಬಾರಿ ಹಾರಿದ ಬೃಹತ್ ವಿಮಾನ ‘ಸ್ಪ್ರೂಸ್ ಗೂಸ್’ ಇದಕ್ಕೆ ಒಳ್ಳೆಯ ಉದಾಹರಣೆ. ಹೆಸರಿನಲ್ಲಿ ಸ್ಪ್ರೂಸ್ ಇದ್ದರೂ ಅದು ಬಹುಪಾಲು ಬರ್ಚ್ ಮರದ ತೆಳು ಪದರಗಳಿಂದ ಆದದ್ದು. ಅಂಟು ಹಚ್ಚಿದ ಪದರಗಳನ್ನು ಮೊಳೆ ಹೊಡೆದು ಹಿಡಿದಿಟ್ಟು, ಅಂಟು ಗಟ್ಟಿಯಾದ ಬಳಿಕ ಆ ಮೊಳೆಗಳನ್ನು ಕಿತ್ತು ತೆಗೆದರು. ಮೊಳೆಯ ಕೆಲಸ ಎಷ್ಟು ತಾತ್ಕಾಲಿಕವಾದದ್ದು ಎಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಕಿಲ್ಲ. ನಮ್ಮ ಕಪಾಟಿನಲ್ಲಿ ಮೊಳೆ ಒಳಗೇ ಉಳಿಯುತ್ತದೆ ಎಂಬುದೊಂದೇ ವ್ಯತ್ಯಾಸ. ಇದರಿಂದ ಆಯ್ಕೆಯ ಮೊದಲ ಸೂತ್ರ ಹೊರಡುತ್ತದೆ: ಅಂಟು ಹಿಡಿಯುವ ತನಕ ನಿಲ್ಲಿಸಬಲ್ಲ ಅತಿ ಸಣ್ಣ ಮೊಳೆ ಯಾವುದೋ ಅದೇ ಸರಿಯಾದ ಮೊಳೆ, ಆ ಮೊಳೆಯನ್ನು ಹೊಡೆಯುವ ಗನ್ನೇ ಸರಿಯಾದ ಗನ್ನು.

ಇನ್ನು ಮೊಳೆಯ ವಿವರಕ್ಕೆ ಬರೋಣ. ಮೊಳೆಯ ದಪ್ಪವನ್ನು ಗೇಜಿನಲ್ಲಿ ಹೇಳುತ್ತಾರೆ. ಗೇಜು ಹೆಚ್ಚಿದಷ್ಟೂ ಮೊಳೆ ತೆಳು. 23 ಗೇಜಿನದು ತಲೆಯೇ ಇಲ್ಲದ ಸೂಜಿ, ಸುಮಾರು 0.6 ಮಿಲಿಮೀಟರ್ ದಪ್ಪ. ಸಣ್ಣ ಪಟ್ಟಿ, ಚೌಕಟ್ಟಿನ ಅಲಂಕಾರ, ತೆಳು ಬೀಡಿಂಗ್ ಇವುಗಳನ್ನು ಅಂಟು ಹಿಡಿಯುವವರೆಗೆ ನಿಲ್ಲಿಸಲು ಅಷ್ಟು ಸಾಕು. ಹೊಡೆದ ಗುರುತೂ ಕಾಣದು. 18 ಗೇಜಿನ ಬ್ರ್ಯಾಡ್ ಮೊಳೆ ಸುಮಾರು 1.2 ಮಿಲಿಮೀಟರ್ ದಪ್ಪದ್ದು, ಚಿಕ್ಕ ತಲೆಯುಳ್ಳದ್ದು. ನಮ್ಮ ದೇಶದ ಒಳಾಂಗಣ ಮರಗೆಲಸದ ಬಹುಭಾಗ ಇದರ ಮೇಲೆಯೇ ನಡೆಯುತ್ತದೆ. 16 ಮತ್ತು 15 ಗೇಜಿನವು ಇನ್ನೂ ದಪ್ಪ; ಬಾಗಿಲ ಚೌಕಟ್ಟಿನ ಪಟ್ಟಿ, ಗಟ್ಟಿಮರದ ಮೆಟ್ಟಿಲ ಅಂಚು ಇಂಥ ಭಾರದ ಕೆಲಸಕ್ಕೆ ಅವು ಬೇಕು. ಹಿಂಬದಿಯ ತೆಳು ಹಲಗೆ, ಸೋಫಾದ ಬಟ್ಟೆ ಇವಕ್ಕೆ ಗನ್ನಲ್ಲ, ಸ್ಟೇಪಲ್ ಹೊಡೆಯುವ ಯಂತ್ರವೇ ತಕ್ಕದ್ದು. ಎರಡು ಕಾಲಿನ ಪಿನ್ನು ಬಟ್ಟೆಯನ್ನು ಹರಿಯದೆ ಹಿಡಿಯುತ್ತದೆ.

ಪೇಟೆಯಲ್ಲಿ ‘ಎಫ್-30’, ‘ಎಫ್-50’ ಎಂಬ ಹೆಸರುಗಳು ಮೊದಲು ಕಿವಿಗೆ ಬೀಳುತ್ತವೆ. ಇವೆರಡೂ 18 ಗೇಜಿನ ಗನ್ನುಗಳೇ. ಅಂಕಿ ಹೇಳುವುದು ಅದು ಹೊಡೆಯಬಲ್ಲ ಮೊಳೆಯ ಗರಿಷ್ಠ ಉದ್ದವನ್ನು, ಮಿಲಿಮೀಟರಿನಲ್ಲಿ. ಎಫ್-30 ಹಗುರ, ಅಗ್ಗ; ಆದುದರಿಂದಲೇ ಹೆಚ್ಚು ಮಾರಾಟವಾಗುತ್ತದೆ. ಆದರೆ ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಪುಸ್ತಕದ ಕಪಾಟಿನ ಹಲಗೆ 18 ಮಿಲಿಮೀಟರ್ ಪ್ಲೈವುಡ್ ಎಂದಿಟ್ಟುಕೊಳ್ಳೋಣ. ಬದಿಯ ಹಲಗೆಯನ್ನು ದಾಟಿ ಅಡ್ಡ ಹಲಗೆಯ ಅಂಚಿನೊಳಕ್ಕೆ ಹೋಗಬೇಕಾದ 30 ಮಿಲಿಮೀಟರ್ ಮೊಳೆಯಲ್ಲಿ ಎರಡನೆಯ ಹಲಗೆಗೆ ಉಳಿಯುವುದು 12 ಮಿಲಿಮೀಟರ್. ಪ್ಲೈವುಡ್ಡಿನ ಅಂಚಿನಲ್ಲಿ ಆ 12 ಮಿಲಿಮೀಟರಿಗೆ ದೊರೆಯುವ ಹಿಡಿತ ಅತ್ಯಲ್ಪ. ಹೊಡೆಯುವ ಮೊಳೆ ಮೇಲಿನ ಹಲಗೆಯ ದಪ್ಪದ ಎರಡೂವರೆಯಿಂದ ಮೂರು ಪಟ್ಟು ಉದ್ದವಿರಬೇಕೆಂಬುದು ಬಡಗಿಗಳ ಹಳೆಯ ಅಂದಾಜು. ಅದರಂತೆ 6 ಮಿಲಿಮೀಟರಿನ ಹಿಂಬದಿ ಹಲಗೆಗೆ 15ರಿಂದ 18 ಮಿಲಿಮೀಟರ್ ಮೊಳೆ ಸಾಕು. 18ರ ಹಲಗೆಗೆ 45ರಿಂದ 50 ಬೇಕು. ಅಂದರೆ ಕಪಾಟಿನ ಡಬ್ಬಿ ಜೋಡಿಸಲು ಎಫ್-50. ಎಫ್-30 ಬೀಡಿಂಗಿಗೆ, ಹಿಂಬದಿಗೆ, ಮೈಕಾ ಅಂಟಿಸುವಾಗ ತಾತ್ಕಾಲಿಕವಾಗಿ ಒತ್ತುವ ಪಟ್ಟಿಗಳಿಗೆ. ಒಂದೇ ಗನ್ನು ಕೊಳ್ಳುವ ಅನುಕೂಲವಿರುವವರು ಎಫ್-50 ಕೊಳ್ಳಲಿ. ಅದು ಚಿಕ್ಕ ಮೊಳೆಗಳನ್ನೂ ಹೊಡೆಯುತ್ತದೆ.

ಆದರೂ ಒಂದು ಮಿತಿಯನ್ನು ನೆನಪಿಡಬೇಕು. ಪಕ್ಕಕ್ಕೆ ಜಾರುವ ಒತ್ತಡವನ್ನು ಮೊಳೆ ತಕ್ಕಮಟ್ಟಿಗೆ ತಾಳುತ್ತದೆ. ನೇರವಾಗಿ ಹೊರಕ್ಕೆ ಎಳೆದರೆ ಬೇಗ ಸೋಲುತ್ತದೆ. ಪುಸ್ತಕದ ಭಾರ ಹೊರುವ ಕೂಡುಗಳಿಗೆ, ಬಾಗಿಲಿನ ಹಿಂಜಿಗೆ, ಗೋಡೆಗೆ ನೇತುಹಾಕುವ ಪೆಟ್ಟಿಗೆಗೆ ಸ್ಕ್ರೂ ಬೇಕೇ ಬೇಕು. ಗನ್ನು ಇದೆಯೆಂಬ ಕಾರಣಕ್ಕೆ ಸ್ಕ್ರೂ ಬಿಟ್ಟವರ ಕಪಾಟು ಎರಡು ಮಳೆಗಾಲಗಳಲ್ಲಿ ಬಾಯಿಬಿಡುತ್ತದೆ. ವೇಗದ ಸಾಧನ ಕೈಯಲ್ಲಿದ್ದಾಗ ಎಲ್ಲ ಕೆಲಸವೂ ಅದಕ್ಕೆ ತಕ್ಕುದೆಂದು ತೋರುವುದು ಮನುಷ್ಯಸಹಜ. ಸಾಧನವನ್ನು ಆರಿಸುವಾಗಲೇ ಅದು ಮಾಡಲಾರದ ಕೆಲಸಗಳ ಪಟ್ಟಿಯನ್ನೂ ಮಾಡಿಟ್ಟುಕೊಳ್ಳುವುದು ಕ್ಷೇಮ.

ಇಂಗ್ಲಿಷಿನಲ್ಲಿ ದೊರೆಯುವ ಸಲಹೆಗಳ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಅವುಗಳಲ್ಲಿ ಹೆಚ್ಚಿನವು ಅಮೆರಿಕದ ಬಡಗಿಗಾಗಿ ಬರೆದವು. ಅಲ್ಲಿ ಮನೆಯ ಗೋಡೆ, ಮಾಡು, ನೆಲ ಎಲ್ಲವೂ ಮರದ ಚೌಕಟ್ಟಿನ ಮೇಲೆ ನಿಲ್ಲುತ್ತವೆ. ಆ ಚೌಕಟ್ಟಿಗೆ ಮೂರೂವರೆ ಅಂಗುಲದ ಮೊಳೆ ಹೊಡೆಯುವ ‘ಫ್ರೇಮಿಂಗ್’ ಗನ್ನು ಬೇಕು. ಅದರ ಮೊಳೆಸಾಲು 21 ಡಿಗ್ರಿ ಓರೆಯಿರಬೇಕೋ 30 ಡಿಗ್ರಿಯೋ ಎಂಬ ಚರ್ಚೆ ಅಲ್ಲಿ ಮಹತ್ವದ್ದು. ಕಾಂಕ್ರೀಟಿನ ಕಂಬ, ಇಟ್ಟಿಗೆಯ ಗೋಡೆಗಳ ನಮ್ಮ ಮನೆಗಳಲ್ಲಿ ಆ ಗನ್ನಿಗೆ ಕೆಲಸವೇ ಇಲ್ಲ. ನಮ್ಮಲ್ಲಿ ದೊಡ್ಡ ಮೊಳೆಯ ಗನ್ನು ಕಾಣುವುದು ಮರದ ಪ್ಯಾಕಿಂಗ್ ಪೆಟ್ಟಿಗೆ, ಪ್ಯಾಲೆಟ್ ಮಾಡುವ ಕಾರ್ಖಾನೆಗಳಲ್ಲಿ. ಅಲ್ಲಿ ಸುರುಳಿಯಾಗಿ ಸುತ್ತಿದ ನೂರಾರು ಮೊಳೆಗಳನ್ನು ಒಮ್ಮೆಗೇ ತುಂಬುವ ಗನ್ನು ಬಳಸುತ್ತಾರೆ. ಗೋಡೆಗೆ ಮರದ ಪಟ್ಟಿ ಹೊಡೆಯಲು ‘ಎಸ್‌ಟಿ-64’ ಎಂಬ ಬೇರೆಯೇ ಗನ್ನಿದೆ. ಅದರ ಗಡಸು ಉಕ್ಕಿನ ಮೊಳೆ ಗಾರೆಯೊಳಕ್ಕೆ ಇಳಿಯುತ್ತದೆ. ಇವೆರಡೂ ಹವ್ಯಾಸಿಯ ಪೆಟ್ಟಿಗೆಗೆ ಸೇರುವ ವಸ್ತುಗಳಲ್ಲ. ಪರದೇಶದ ಪಟ್ಟಿಯನ್ನು ನೋಡಿ ‘ಅತ್ಯುತ್ತಮ’ವನ್ನು ತರಿಸಿಕೊಂಡವರು, ಅದರ ಮೊಳೆ ಹತ್ತಿರದ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವುದಿಲ್ಲ ಎಂಬುದನ್ನು ಆಮೇಲೆ ತಿಳಿಯುತ್ತಾರೆ. ಗನ್ನು ಕೊಳ್ಳುವ ಮೊದಲು ಮೊಳೆಯ ಪೆಟ್ಟಿಗೆ ಎಲ್ಲಿ ಸಿಗುತ್ತದೆಂದು ವಿಚಾರಿಸಬೇಕು.

ಎರಡನೆಯ ಪ್ರಶ್ನೆ ಮರದ್ದು. ಪೈನ್, ರಬ್ಬರ್ ಮರ, ಸಾಧಾರಣ ಪ್ಲೈವುಡ್ ಇವು ಮೊಳೆಯನ್ನು ಸುಲಭವಾಗಿ ಒಳಗೊಳ್ಳುತ್ತವೆ. ಹೊನ್ನೆ, ಬೀಟೆಗಳಂಥ ಗಡಸು ಮರದಲ್ಲಿ ತೆಳು ಮೊಳೆ ಗಂಟಿಗೆ ತಾಗಿದರೆ ಬಾಗಿ, ಎಳೆಯ ಜಾಡು ಹಿಡಿದು ಪಕ್ಕದಿಂದ ಹೊರಬರುತ್ತದೆ. ಎಂಡಿಎಫ್ ಹಲಗೆಯ ಅಂಚಿಗೆ ಹೊಡೆದರೆ ಪದರವೇ ಉಬ್ಬಿ ಸೀಳುತ್ತದೆ. ಆದಕಾರಣ ಗನ್ನಿನಲ್ಲಿ ಮೊಳೆ ಇಳಿಯುವ ಆಳವನ್ನು ಹೊಂದಿಸುವ ತಿರುಪು ಇದೆಯೇ ಎಂದು ನೋಡಬೇಕು. ಅದಿಲ್ಲದಿದ್ದರೆ ಗಾಳಿಯ ಒತ್ತಡವನ್ನೇ ಏರಿಳಿಸುತ್ತ ಕೂರಬೇಕು. ಮೂತಿಗೆ ರಬ್ಬರಿನ ಟೊಪ್ಪಿಗೆ ಇದ್ದರೆ ಹೊಳಪಿನ ಮೈಮೇಲೆ ಗುರುತು ಬೀಳದು. ಕೆಲಸ ಶುರುಮಾಡುವ ಮೊದಲು ಅದೇ ಮರದ ತುಂಡೊಂದಕ್ಕೆ ನಾಲ್ಕು ಮೊಳೆ ಹೊಡೆದು ನೋಡುವ ಬಡಗಿಯನ್ನು ನಂಬಬಹುದು.

ಮೂರನೆಯದು ಶಕ್ತಿ. ಗಾಳಿಯಿಂದ ನಡೆಯುವ ಗನ್ನು ಹಗುರ. ಎಫ್-30 ಒಂದು ಕಿಲೋ ಆಸುಪಾಸಿನದು. ಅದರ ಒಳಗೆ ಕೆಡುವ ಭಾಗಗಳು ಕಡಿಮೆ, ರಬ್ಬರಿನ ಉಂಗುರ ಸವೆದರೆ ಪೇಟೆಯಲ್ಲೇ ಬದಲಿಸಿಕೊಡುತ್ತಾರೆ. ಆದರೆ ಗನ್ನಿನ ಹಿಂದೆ ಕಂಪ್ರೆಸರ್ ಬರುತ್ತದೆ, ಅದರ ಹಿಂದೆ ಸದ್ದು ಬರುತ್ತದೆ, ಸದ್ದಿನ ಹಿಂದೆ ಕೆಳಮನೆಯವರು ಬರುತ್ತಾರೆ. ಬ್ಯಾಟರಿಯದು ಕಂಪ್ರೆಸರ್, ಕೊಳವೆಗಳ ತಂಟೆಯಿಲ್ಲದೆ ಎಲ್ಲಿ ಬೇಕಾದರೂ ನಡೆಯುತ್ತದೆ. ಆದರೆ ತೂಕ ಎರಡರಷ್ಟು ಅಥವಾ ಇನ್ನೂ ಹೆಚ್ಚು, ಬೆಲೆ ಹಲವು ಪಟ್ಟು. ದಿನವಿಡೀ ಕೈ ಮೇಲೆತ್ತಿ ಮಾಡಿನ ಪಟ್ಟಿ ಹೊಡೆಯುವವನಿಗೆ ಆ ತೂಕ ಸಂಜೆಯ ಹೊತ್ತಿಗೆ ಭುಜದ ನೋವಾಗುತ್ತದೆ. ಭುಜ ಸೋತಾಗ ಗುರಿಯೂ ತಪ್ಪುತ್ತದೆ. ತಿಂಗಳಿಗೊಮ್ಮೆ ಕಪಾಟು ಮಾಡುವ ಹವ್ಯಾಸಿಗೆ ಬ್ಯಾಟರಿಯದು ಒಪ್ಪುತ್ತದೆ, ಕಸುಬುದಾರನಿಗೆ ಇಂದಿಗೂ ಗಾಳಿಯದೇ ಲೇಸು ಎಂಬುದು ನನ್ನ ಅಭಿಪ್ರಾಯ. ಗಾಳಿಯ ಗನ್ನಿಗೆ ದಿನವೂ ಎರಡು ಮೂರು ಹನಿ ಎಣ್ಣೆ ಹಾಕಬೇಕು, ಸಂಜೆ ಕಂಪ್ರೆಸರಿನ ತೊಟ್ಟಿಯ ನೀರನ್ನು ಬಸಿಯಬೇಕು, ಗನ್ನಿನ ಮೇಲೆ ನಮೂದಿಸಿದ ಗರಿಷ್ಠ ಒತ್ತಡವನ್ನು ಎಂದೂ ಮೀರಬಾರದು. ಕಂಪ್ರೆಸರ್ ಕೆಟ್ಟಿತೆಂದು ವೆಲ್ಡಿಂಗಿನ ಆಮ್ಲಜನಕದ ಸಿಲಿಂಡರನ್ನು ಜೋಡಿಸುವ ಜಾಣತನ ಮಾತ್ರ ಕೂಡದು, ಗನ್ನು ಸಿಡಿಯುತ್ತದೆ.

ಈಗ ಟ್ರಿಗರ್. ಕೋವಿಯ ಟ್ರಿಗರಿಗೆ ಕನ್ನಡದಲ್ಲಿ ಕುದುರೆ ಎಂಬ ಹೆಸರಿದೆ. ಮೊಳೆಗನ್ನಿನ ಕುದುರೆಗಳಲ್ಲಿ ಎರಡು ಜಾತಿ, ಕಡಿವಾಣವಿರುವುದು ಮತ್ತು ಇಲ್ಲದ್ದು. ಸಾಮಾನ್ಯವಾಗಿ ಗನ್ನಿನ ಮೂತಿಯಲ್ಲಿ ಒಂದು ಸುರಕ್ಷೆಯ ತುಂಡಿರುತ್ತದೆ; ಅದನ್ನು ಮರಕ್ಕೆ ಒತ್ತದ ಹೊರತು ಮೊಳೆ ಹಾರುವುದಿಲ್ಲ. ಅನುಕ್ರಮದ ಟ್ರಿಗರಿನಲ್ಲಿ ಮೊದಲು ಮೂತಿಯನ್ನು ಒತ್ತಬೇಕು, ಅನಂತರ ಬೆರಳನ್ನು ಎಳೆಯಬೇಕು. ಮುಂದಿನ ಮೊಳೆಗೆ ಎರಡನ್ನೂ ಬಿಟ್ಟು ಮತ್ತೆ ಅದೇ ಕ್ರಮದಲ್ಲಿ ಆರಂಭಿಸಬೇಕು. ಸ್ಪರ್ಶದ ಟ್ರಿಗರಿನಲ್ಲಿ ಬೆರಳನ್ನು ಎಳೆದು ಹಿಡಿದುಕೊಂಡೇ ಮೂತಿಯನ್ನು ಎಲ್ಲೆಲ್ಲಿ ತಾಗಿಸಿದರೆ ಅಲ್ಲಲ್ಲಿ ಮೊಳೆ ಬೀಳುತ್ತದೆ. ನೋಡಲು ಚೆಂದ, ಕೇಳಲು ಲಯಬದ್ಧ. ಆದರೆ ಅದಕ್ಕೆ ಮರ ಯಾವುದು, ಮೊಣಕಾಲು ಯಾವುದು ಎಂಬ ವಿವೇಕವಿಲ್ಲ. ಮೊದಲ ಹೊಡೆತಕ್ಕೆ ಗನ್ನು ಹಿಂದಕ್ಕೆ ಚಿಮ್ಮಿ ಮತ್ತೆ ತಾಗಿದರೆ ಎರಡನೆಯ ಮೊಳೆ ಯಾರೂ ಬಯಸದ ಕಡೆ ಹೋಗುತ್ತದೆ. ಬೆರಳನ್ನು ಟ್ರಿಗರಿನ ಮೇಲಿಟ್ಟುಕೊಂಡೇ ಏಣಿ ಇಳಿಯುವವನ ತೊಡೆಗೆ ಮೂತಿ ತಾಗಿದರೂ ಸಾಕು.

ಅಮೆರಿಕದ ಕಾರ್ಮಿಕ ಸುರಕ್ಷಾ ಸಂಸ್ಥೆಗಳಾದ ಓಶಾ ಮತ್ತು ನಿಯಾಶ್ ಸೇರಿ 2011ರಲ್ಲಿ ಗುತ್ತಿಗೆದಾರರಿಗಾಗಿ ಮೊಳೆಗನ್ನಿನ ಸುರಕ್ಷೆಯ ಕೈಪಿಡಿಯೊಂದನ್ನು ಹೊರತಂದವು. ಆ ದೇಶದಲ್ಲಿ ವರ್ಷಕ್ಕೆ ಸುಮಾರು 37,000 ಮಂದಿ ಮೊಳೆಗನ್ನಿನ ಗಾಯದಿಂದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬರುತ್ತಾರೆಂದು ಅದು ಹೇಳುತ್ತದೆ. ಗಾಯಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೈ ಮತ್ತು ಬೆರಳುಗಳಿಗೆ. ಮನೆ ಕಟ್ಟುವ ಕೆಲಸ ಕಲಿಯುತ್ತಿರುವ ಬಡಗಿಗಳಲ್ಲಿ ಐವರಿಗಿಬ್ಬರು ನಾಲ್ಕು ವರ್ಷಗಳ ಅವಧಿಯಲ್ಲಿ ಒಮ್ಮೆಯಾದರೂ ಗಾಯಗೊಂಡಿದ್ದರು. ಅನುಕ್ರಮದ ಟ್ರಿಗರಿಗೆ ಹೋಲಿಸಿದರೆ ಸ್ಪರ್ಶದ ಟ್ರಿಗರಿನಲ್ಲಿ ಗಾಯದ ಸಾಧ್ಯತೆ ಎರಡು ಪಟ್ಟು. ಇದು ಅಲ್ಲಿನ ಕಥೆ, ಅಲ್ಲಿನ ಭಾರದ ಗನ್ನುಗಳ ಲೆಕ್ಕ ಎನ್ನಬಹುದು. ಆದರೆ ಬೆರಳಿನ ಮೂಳೆ ಎಲ್ಲ ದೇಶದಲ್ಲೂ ಒಂದೇ.

ಅದೇ ಕೈಪಿಡಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಇನ್ನೊಂದು ಅಂಶವಿದೆ. ಅನುಭವಿಗಳಾದ ಹತ್ತು ಮಂದಿ ಬಡಗಿಗಳಿಂದ ಎರಡೆರಡು ಸಣ್ಣ ಮರದ ಕಟ್ಟಡಗಳನ್ನು ಕಟ್ಟಿಸಿದರು. ಒಂದಕ್ಕೆ ಅನುಕ್ರಮದ ಟ್ರಿಗರ್, ಇನ್ನೊಂದಕ್ಕೆ ಸ್ಪರ್ಶದ್ದು. ಮೊಳೆ ಹೊಡೆಯುವ ಹೊತ್ತಿನಲ್ಲಿ ಸ್ಪರ್ಶದ ಟ್ರಿಗರ್ ಸರಾಸರಿ ಶೇಕಡಾ 10ರಷ್ಟು ವೇಗವಾಗಿತ್ತು. ಆದರೆ ಅಳತೆ, ಕೊಯ್ತ ಎಲ್ಲವನ್ನೂ ಸೇರಿಸಿದ ಒಟ್ಟು ಸಮಯದಲ್ಲಿ ಈ ಉಳಿತಾಯ ಶೇಕಡಾ 1ಕ್ಕಿಂತಲೂ ಕಡಿಮೆ. ಟ್ರಿಗರ್ ಯಾವುದು ಎಂಬುದಕ್ಕಿಂತ ಗನ್ನು ಹಿಡಿದವನು ಯಾರು ಎಂಬುದೇ ಕೆಲಸದ ವೇಗವನ್ನು ಹೆಚ್ಚು ನಿರ್ಧರಿಸಿತು. ಅಂದರೆ ನೂರು ನಿಮಿಷಗಳ ಕೆಲಸದಲ್ಲಿ ಒಂದು ನಿಮಿಷವೂ ಉಳಿಯದ ಲಾಭಕ್ಕಾಗಿ ಗಾಯದ ಸಾಧ್ಯತೆಯನ್ನು ಇಮ್ಮಡಿಗೊಳಿಸಿಕೊಳ್ಳುತ್ತಿದ್ದೇವೆ. ಇಂಥ ವ್ಯವಹಾರವನ್ನು ಯಾವ ಲೆಕ್ಕಪರಿಶೋಧಕನೂ ಒಪ್ಪಲಾರ.

ಹಾಗಿದ್ದರೂ ಇದು ನಡೆಯುತ್ತದೆ. ಏಕೆಂದು ನನಗೆ ಅರ್ಥವಾದದ್ದು ನಮ್ಮ ಮನೆಯ ಕಪಾಟಿನ ಕೆಲಸದ ಸಮಯದಲ್ಲಿ. ಗುತ್ತಿಗೆದಾರ ಕಳಿಸಿದ್ದ ಮೂವರು ಬಡಗಿಗಳಲ್ಲಿ ಹಿರಿಯನ ಗನ್ನಿನ ಮೂತಿಯ ತುಂಡನ್ನು ತಂತಿಯಿಂದ ಹಿಂದಕ್ಕೆ ಬಿಗಿದು ಕಟ್ಟಲಾಗಿತ್ತು. ಮರಕ್ಕೆ ಒತ್ತದೆಯೂ ಹೊಡೆಯುವ ಹಾಗೆ. ಏಕೆಂದು ಕೇಳಿದೆ. “ಸಾಹೇಬರೇ, ಚದರಡಿ ಲೆಕ್ಕದಲ್ಲಿ ದುಡ್ಡು. ಪ್ರತಿ ಸಲ ಒತ್ತಿ, ಬಿಟ್ಟು, ಒತ್ತಿ ಅಂತ ಕೂತರೆ ಸಂಜೆಗೆ ಎಷ್ಟಾಗುತ್ತೆ?” ಎಂದ. ಅವನ ಎಡಗೈಯ ತೋರುಬೆರಳಿನ ಉಗುರಿನ ಕೆಳಗೆ ಹಳೆಯ ಕಪ್ಪು ಗುರುತೊಂದಿತ್ತು. ಅದು ಹೋದ ವರ್ಷದ್ದೆಂದೂ, ಆ ನಾಲ್ಕು ದಿನಗಳ ಕೂಲಿ ತನ್ನದೇ ನಷ್ಟವೆಂದೂ ತಾನಾಗಿಯೇ ಹೇಳಿದ. ಅವನು ಅಜ್ಞಾನಿಯಲ್ಲ. ಸುರಕ್ಷೆಯ ತುಂಡು ಏಕಿದೆಯೆಂದು ನನಗಿಂತ ಚೆನ್ನಾಗಿ ಬಲ್ಲ. ಚದರಡಿಯ ದರವನ್ನು ನಿಗದಿ ಮಾಡಿದವರು ಮೂತಿಗೆ ತಂತಿಯನ್ನೂ ಕಟ್ಟಿದ್ದರು. ಅವರಲ್ಲಿ ಕಡಿಮೆ ದರಕ್ಕೆ ಚೌಕಾಸಿ ಮಾಡಿ ಗೆದ್ದೆವೆಂದು ಬೀಗುವ ಎಲ್ಲ ಗೃಹಸ್ಥರೂ ಸೇರುತ್ತಾರೆ.

ಆದುದರಿಂದ ಗನ್ನಿನ ಆಯ್ಕೆಯನ್ನು ಕೂಲಿಯ ಆಯ್ಕೆಯಿಂದ ಬೇರ್ಪಡಿಸಲು ಆಗದು. ಕಾನೂನು ಇಲ್ಲಿಗೆ ಬರುತ್ತದೆಯೇ ಎಂದರೆ, ಬಹುಮಟ್ಟಿಗೆ ಇಲ್ಲ. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯೂ, ಅದರ ಸ್ಥಾನದಲ್ಲಿ ನಿಲ್ಲಲೆಂದು ರೂಪುಗೊಂಡ 2020ರ ಕಾರ್ಮಿಕ ಸುರಕ್ಷಾ ಸಂಹಿತೆಯೂ ಹತ್ತು ಮಂದಿ ಕಾರ್ಮಿಕರ ಗೆರೆಯನ್ನು ಎಳೆದಿವೆ. ಒಂದು ಫ್ಲ್ಯಾಟಿನ ಕೋಣೆಯಲ್ಲಿ ಕೆಲಸ ಮಾಡುವ ಇಬ್ಬರು ಮೂವರು ಬಡಗಿಗಳು ಆ ಗೆರೆಯ ಹೊರಗೆ ನಿಲ್ಲುತ್ತಾರೆ. ಅಲ್ಲಿ ಪರಿಶೀಲನಾಧಿಕಾರಿ ಬರುವುದಿಲ್ಲ; ಇರುವವರು ಮನೆಯವರು ಮತ್ತು ಗುತ್ತಿಗೆದಾರ ಮಾತ್ರ. ಕಾನೂನು ತಲುಪದ ಕಡೆ ಹೊಣೆ ನಮ್ಮದಾಗುತ್ತದೆ ಎಂಬುದನ್ನು ಒಪ್ಪಿಕೊಳ್ಳುವುದು ನಾಗರಿಕತೆಯ ಲಕ್ಷಣ.

ಸರ್ಕಾರದ ಕೈಯಲ್ಲಿಯೂ ಒಂದು ಅವಕಾಶವಿದೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿತನವೂ ಒಂದು. ಉಪಕರಣಗಳಿಗೆಂದು 15,000 ರೂಪಾಯಿಗಳವರೆಗೆ ನೆರವು, ಐದರಿಂದ ಏಳು ದಿನಗಳ ಮೂಲ ತರಬೇತಿ, ತರಬೇತಿಯ ದಿನಗಳಿಗೆ 500 ರೂಪಾಯಿಗಳ ಭತ್ಯೆ ಅದರಲ್ಲಿವೆ. ತರಬೇತಿಯ ದಿನಕ್ಕೂ ಕೂಲಿ ಇದೆ ಎಂಬ ತತ್ತ್ವ ಈ ಯೋಜನೆಯ ಅತ್ಯಂತ ಮಾನವೀಯ ಅಂಶವೆಂದು ನಾನು ಭಾವಿಸುತ್ತೇನೆ. ಆ ಐದು ದಿನಗಳಲ್ಲಿ ಒಂದು ತಾಸನ್ನು ಟ್ರಿಗರಿಗೆ, ಕನ್ನಡಕಕ್ಕೆ, ಸಿಕ್ಕಿಕೊಂಡ ಮೊಳೆಯನ್ನು ಬಿಡಿಸುವ ಮೊದಲು ಗಾಳಿಯ ಕೊಳವೆಯನ್ನು ಕಳಚುವ ಅಭ್ಯಾಸಕ್ಕೆ ಮೀಸಲಿಟ್ಟರೆ, ಮತ್ತು ಆ ಹಣದಿಂದ ಕೊಳ್ಳುವ ಯಾವ ಮೊಳೆಗನ್ನಿಗೂ ಅನುಕ್ರಮದ ಟ್ರಿಗರನ್ನು ಕಡ್ಡಾಯಗೊಳಿಸಿದರೆ, ಸರ್ಕಾರಕ್ಕೆ ಹೆಚ್ಚಿನ ವೆಚ್ಚವೇನೂ ತಗಲದು. ಪೇಟೆ ಮಾತ್ರ ಬದಲಾಗುತ್ತದೆ. ದೊಡ್ಡ ಗಿರಾಕಿ ಕೇಳಿದ್ದನ್ನು ಪೇಟೆ ತಯಾರಿಸಿಯೇ ತೀರುತ್ತದೆ.

ಹಾಗಾದರೆ ಕೊಳ್ಳುವವರು ಏನು ಮಾಡಬೇಕು? ಹವ್ಯಾಸಿಗೆ ನನ್ನ ಮೊದಲ ಸಲಹೆ, ತಕ್ಷಣ ಕೊಳ್ಳಬೇಡಿ ಎಂಬುದೇ. ನಾಲ್ಕು ಒಳ್ಳೆಯ ಕ್ಲ್ಯಾಂಪು, ಒಂದು ಡ್ರಿಲ್ಲು, ಸ್ಕ್ರೂಗಳ ಡಬ್ಬಿ, ಅಂಟಿನ ಬಾಟಲಿ ಇವುಗಳಿಂದ ವರ್ಷವೆಲ್ಲ ಕೆಲಸ ಮಾಡಬಹುದು. ಕ್ಲ್ಯಾಂಪು ಸಾಲದೆನಿಸಿದ ದಿನ ಗನ್ನಿನ ಮಾತು. ಆಗಲೂ 18 ಗೇಜಿನದು, 50 ಮಿಲಿಮೀಟರಿನವರೆಗೆ ಹೊಡೆಯುವಂಥದು, ಮೂತಿಯ ಸುರಕ್ಷೆ ಮತ್ತು ಅನುಕ್ರಮದ ಟ್ರಿಗರ್ ಇರುವಂಥದು. ಕೆಲವು ಅಗ್ಗದ ಗನ್ನುಗಳಲ್ಲಿ ಮೂತಿಯ ಸುರಕ್ಷೆಯೇ ಇರುವುದಿಲ್ಲ; ಅಂಗಡಿಯಲ್ಲೇ ಒತ್ತಿ ನೋಡಿ ಖಚಿತಪಡಿಸಿಕೊಳ್ಳಬೇಕು. ಟ್ರಿಗರನ್ನು ಬದಲಿಸುವ ಗುಂಡಿ ಇರುವ ಗನ್ನಾದರೆ ಅದನ್ನು ಅನುಕ್ರಮದಲ್ಲೇ ಇರಿಸಿ, ಗುಂಡಿಯ ಅಸ್ತಿತ್ವವನ್ನು ಮರೆಯುವುದು ಒಳಿತು. ಗನ್ನಿನ ಬೆಲೆಗೆ ಕಣ್ಣಿನ ಕನ್ನಡಕ, ಕಿವಿಯ ಮುಚ್ಚಳಗಳ ಬೆಲೆಯನ್ನು ಸೇರಿಸಿಯೇ ಬೆಲೆ ಎನ್ನಬೇಕು. ಹೊಡೆಯುವ ಜಾಗದಿಂದ ಇನ್ನೊಂದು ಕೈ ಕನಿಷ್ಠ ಒಂದಡಿ ದೂರವಿರಬೇಕು. ಅಷ್ಟು ದೂರ ಸಾಧ್ಯವಿಲ್ಲದಷ್ಟು ಚಿಕ್ಕ ತುಂಡನ್ನು ಕೈಯಿಂದಲ್ಲ, ಕ್ಲ್ಯಾಂಪಿನಿಂದ ಹಿಡಿಯಬೇಕು.

ಕೆಲಸ ಮಾಡಿಸುವವರಿಗೆ ಇನ್ನೂ ಸುಲಭದ ದಾರಿಯಿದೆ. ಗುತ್ತಿಗೆದಾರನೊಡನೆ ಪ್ಲೈವುಡ್ಡಿನ ದರ್ಜೆ, ಹಿಂಜಿನ ಕಂಪನಿ, ಮೈಕಾದ ಬಣ್ಣ ಎಲ್ಲವನ್ನೂ ಕಾಗದದ ಮೇಲೆ ಬರೆಸಿಕೊಳ್ಳುತ್ತೇವೆ. ಅದೇ ಕಾಗದದಲ್ಲಿ ಎರಡು ಸಾಲು ಸೇರಿಸಬಹುದು: ಗನ್ನಿನ ಮೂತಿಯ ಸುರಕ್ಷೆಯನ್ನು ಕಟ್ಟಬಾರದು, ಗಾಯವಾದರೆ ಚಿಕಿತ್ಸೆ ಮತ್ತು ಆ ದಿನಗಳ ಕೂಲಿ ಗುತ್ತಿಗೆದಾರನದು. ಗೋಡೆಯ ಪಟ್ಟಿ, ಮಾಡಿನ ಕೆಲಸದಂಥ ಅಪಾಯದ ಭಾಗಗಳನ್ನು ಚದರಡಿಯ ಬದಲು ದಿನಗೂಲಿಯ ಲೆಕ್ಕದಲ್ಲಿ ಕೊಡಲು ಒಪ್ಪಬಹುದು. ಒಟ್ಟು ವೆಚ್ಚದಲ್ಲಿ ಇದರಿಂದಾಗುವ ವ್ಯತ್ಯಾಸ, ನಾವು ಕೊನೆಯ ಗಳಿಗೆಯಲ್ಲಿ ಮನಸ್ಸು ಬದಲಿಸಿ ತರಿಸುವ ಹಿಡಿಕೆಗಳ ವೆಚ್ಚಕ್ಕಿಂತ ಹೆಚ್ಚಲ್ಲ. ಎರಡು ದಿನ ತಡವಾಗಬಹುದು. ಪುಸ್ತಕಗಳು ಇಷ್ಟು ವರ್ಷ ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆಗಳಲ್ಲಿ ಕಾದಿವೆ; ಇನ್ನೆರಡು ದಿನ ಕಾಯಬಲ್ಲವು.

ಕೊನೆಯಲ್ಲಿ ಉಳಿಯುವುದು ಎರಡನೆಯ ಲಕೋಟೆ. ಅದನ್ನು ಈಗ ತೆರೆಯಬಹುದು. ಮೊಳೆ ಸರಿಯಿದ್ದು, ಮರಕ್ಕೆ ಹೊಂದಿ, ತೂಕ ಕೈಗೆ ಒಪ್ಪಿ, ಟ್ರಿಗರಿಗೆ ಕಡಿವಾಣವಿರುವ ಗನ್ನುಗಳಲ್ಲಿ ಯಾವುದು ಅಗ್ಗವೋ ಅದನ್ನು ಸಂಕೋಚವಿಲ್ಲದೆ ಕೊಳ್ಳಿ. ಕಂಪನಿಯ ಹೆಸರಿನ ವ್ಯಾಮೋಹ ಅನಗತ್ಯ. ಮೊದಲ ಲಕೋಟೆಯಲ್ಲೇ ಸೋತ ಗನ್ನನ್ನು ಮಾತ್ರ, ಅದು ಪುಕ್ಕಟೆಯಾಗಿ ಸಿಕ್ಕರೂ, ನಾವೂ ಹಿಡಿಯಬಾರದು, ನಮ್ಮ ಮನೆಯಲ್ಲಿ ಕೆಲಸ ಮಾಡಲು ಬಂದವನ ಕೈಗೂ ಕೊಡಬಾರದು.